ಬಿಚ್ಚಲು ಬರುವಂತೆ ಕಟ್ಟುವುದು

ಬಳಸಿ ಬಿಸಾಡಿದ ನೀರಿನ ಬಾಟಲಿಗಳನ್ನು ಮರುಬಳಕೆಯ ಕಾರ್ಖಾನೆಯಲ್ಲಿ ಮೊದಲು ಬೆರಳುಗುರಿನಷ್ಟು ಚೂರುಗಳಾಗಿ ಕತ್ತರಿಸುತ್ತಾರೆ. ಮುಚ್ಚಳ, ಕೊರಳಿನ ಉಂಗುರ, ಲೇಬಲ್ಲಿನ ಚಿಂದಿ ಎಲ್ಲವೂ ಆ ರಾಶಿಯಲ್ಲೇ ಬೆರೆತಿರುತ್ತವೆ. ರಾಶಿಯನ್ನು ನೀರಿನ ತೊಟ್ಟಿಗೆ ಸುರಿದರೆ ಬಾಟಲಿಯ ಚೂರುಗಳು ತಳ ಸೇರುತ್ತವೆ, ಮುಚ್ಚಳದ ಚೂರುಗಳು ತೇಲುತ್ತವೆ. ಬಾಟಲಿ ಪೆಟ್ ಎಂಬ ಪ್ಲಾಸ್ಟಿಕ್ಕಿನದು, ಅದರ ಸಾಂದ್ರತೆ ನೀರಿನ ಸುಮಾರು 1.38 ಪಟ್ಟು. ಮುಚ್ಚಳ ಪಾಲಿಪ್ರೊಪಿಲೀನಿನದೋ ಗಡಸು ಪಾಲಿಎಥಿಲೀನಿನದೋ ಆಗಿರುತ್ತದೆ, ಅವೆರಡೂ ನೀರಿಗಿಂತ ಹಗುರ. ಯಾವ ಯಂತ್ರವೂ ಬೇಕಿಲ್ಲ, ಯಾರೂ ಕೈಯಿಂದ ಆರಿಸಬೇಕಿಲ್ಲ; ಆರ್ಕಿಮಿಡೀಸನ ನಿಯಮವೇ ಆ ಕೆಲಸ ಮಾಡುತ್ತದೆ.

ಈಗ ಅದೇ ಬಾಟಲಿಗೆ ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಲೇಬಲ್ ಸುತ್ತಿದೆ ಎಂದುಕೊಳ್ಳಿ. ಬಿಸಿ ಮಾಡಿದರೆ ಕುಗ್ಗಿ ಬಾಟಲಿಯ ಮೈಗೆ ಬಿಗಿಯಾಗಿ ಕೂರುವ, ಹೊಳೆಯುವ, ಅಂದವಾದ ಲೇಬಲ್. ಪಿವಿಸಿಯ ಸಾಂದ್ರತೆಯೂ ಹೆಚ್ಚುಕಡಿಮೆ ಪೆಟ್‌ನಷ್ಟೇ. ಎರಡೂ ಒಟ್ಟಿಗೆ ಮುಳುಗುತ್ತವೆ, ಒಟ್ಟಿಗೆ ಕುಲುಮೆಗೆ ಹೋಗುತ್ತವೆ. ಪೆಟ್ ಕರಗಲು 250 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಶಾಖ ಬೇಕು. ಪಿವಿಸಿ ಅದಕ್ಕಿಂತ ಎಷ್ಟೋ ಮೊದಲೇ ಒಡೆದು ಹೈಡ್ರೋಕ್ಲೋರಿಕ್ ಆಮ್ಲವನ್ನು ಕಕ್ಕಲು ತೊಡಗುತ್ತದೆ. ಆ ಆಮ್ಲ ಪೆಟ್‌ನ ಉದ್ದುದ್ದ ಅಣುಸರಪಳಿಗಳನ್ನು ತುಂಡರಿಸುತ್ತದೆ; ಪ್ಲಾಸ್ಟಿಕ್ ಹಳದಿಗಟ್ಟಿ ಪೆಡಸಾಗುತ್ತದೆ. ಹತ್ತು ಸಾವಿರ ಚೂರುಗಳಲ್ಲಿ ಒಂದೋ ಎರಡೋ ಪಿವಿಸಿ ಚೂರು ಉಳಿದರೂ ಗುಣಮಟ್ಟ ಇಳಿಯುತ್ತದೆ.

ಬಾಟಲಿಯ ಬಣ್ಣದ ವಿಷಯವೂ ಹೀಗೆಯೇ. ಬಣ್ಣವಿಲ್ಲದ ಪೆಟ್ ಮತ್ತೆ ಬಾಟಲಿಯಾಗಬಲ್ಲದು. ಹಸಿರು ಬೆರೆಸಿದರೆ ಆ ಹಸಿರನ್ನು ಮರಳಿ ತೆಗೆಯುವ ಸುಲಭದ ದಾರಿ ಇಲ್ಲ. ಅದು ಹೆಚ್ಚಾಗಿ ಬಟ್ಟೆಯ, ರತ್ನಗಂಬಳಿಯ ನೂಲಾಗಿ ಮುಗಿಯುತ್ತದೆ. ದಶಕಗಳಿಂದ ಹಸಿರು ಬಾಟಲಿಯಿಂದಲೇ ಗುರುತು ಸಿಗುತ್ತಿದ್ದ ಸ್ಪ್ರೈಟ್ 2022ರಲ್ಲಿ ಉತ್ತರ ಅಮೆರಿಕದಲ್ಲಿ ಬಣ್ಣವಿಲ್ಲದ ಬಾಟಲಿಗೆ ಬಂದದ್ದು ಇದೇ ಕಾರಣಕ್ಕೆ. ಕಪ್ಪು ಪ್ಲಾಸ್ಟಿಕ್ಕಿನ ಕಥೆ ಇನ್ನೂ ವಿಚಿತ್ರ. ಪಶ್ಚಿಮದ ದೇಶಗಳಲ್ಲಿ ಕಸ ಬೇರ್ಪಡಿಸುವ ಯಂತ್ರಗಳು ಪ್ಲಾಸ್ಟಿಕ್ಕಿನ ಮೇಲೆ ಅವಕೆಂಪು ಬೆಳಕು ಹಾಯಿಸಿ, ಮರಳಿ ಬರುವ ಬೆಳಕಿನಿಂದ ಅದರ ಜಾತಿಯನ್ನು ಗುರುತಿಸುತ್ತವೆ. ಕಪ್ಪು ಬಣ್ಣಕ್ಕೆ ಬೆರೆಸುವ ಇಂಗಾಲದ ಪುಡಿ ಆ ಬೆಳಕನ್ನು ಪೂರ್ತಿ ನುಂಗಿಬಿಡುತ್ತದೆ. ಯಂತ್ರದ ಕಣ್ಣಿಗೆ ಕಪ್ಪು ಡಬ್ಬಿ ಅಲ್ಲಿ ಇಲ್ಲವೇ ಇಲ್ಲ.

ಲೇಬಲ್ ಯಾವುದು, ಬಣ್ಣ ಯಾವುದು, ಮುಚ್ಚಳ ಯಾವ ಪ್ಲಾಸ್ಟಿಕ್ಕಿನದು ಎಂದು ತೀರ್ಮಾನಿಸಿದವರು ಯಾರು? ಕುಡಿದವರಲ್ಲ, ಆಯ್ದವರಲ್ಲ, ಕರಗಿಸಿದವರೂ ಅಲ್ಲ. ಆ ತೀರ್ಮಾನ ಎಲ್ಲೋ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಕೈಗಾರಿಕಾ ವಿನ್ಯಾಸಕರದು. ಪರಿಸರದ ಬಗ್ಗೆ ಮಾತಾಡುವಾಗ ನಾವು ಕೊಳ್ಳುವವರ ಮನಸ್ಸಾಕ್ಷಿಯನ್ನೂ ಕಾರ್ಖಾನೆಯ ಹೊಗೆಯನ್ನೂ ಬಹಳ ಚರ್ಚಿಸುತ್ತೇವೆ. ಇವೆರಡರ ನಡುವೆ ನಿಂತು, ವಸ್ತು ಹುಟ್ಟುವ ಮೊದಲೇ ಅದರ ಸಾವಿನ ರೀತಿಯನ್ನು ಬರೆದಿಡುವ ಈ ವೃತ್ತಿಯ ಬಗ್ಗೆ ಅಷ್ಟು ಮಾತಾಡುವುದಿಲ್ಲ. ಈ ಅಧ್ಯಾಯ ಅವರ ಬಗ್ಗೆ, ಅದರಲ್ಲೂ ಅವರ ಕೆಲಸದ ಒಂದು ಚಿಕ್ಕ ಭಾಗದ ಬಗ್ಗೆ: ಎರಡು ಭಾಗಗಳು ಕೂಡುವ ಜಾಗ.

ಯುರೋಪಿಯನ್ ಒಕ್ಕೂಟದ ದಾಖಲೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ವಸ್ತುವೊಂದರ ಪರಿಸರ ಪರಿಣಾಮದ ಶೇ. 80ರಷ್ಟು ವಿನ್ಯಾಸದ ಹಂತದಲ್ಲೇ ತೀರ್ಮಾನವಾಗುತ್ತದೆ ಎಂದು. ಈ ಅಂಕಿಯನ್ನು ಅಳೆದು ತೂಗಿದ ಸಂಖ್ಯೆ ಎನ್ನುವುದಕ್ಕಿಂತ ಅಂದಾಜು ಎನ್ನುವುದು ಸರಿ. ಆದರೆ ಅದರ ಹಿಂದಿನ ತರ್ಕ ಗಟ್ಟಿಯಾಗಿದೆ. ಪ್ಲಾಸ್ಟಿಕ್ ಭಾಗವೊಂದನ್ನು ಲಕ್ಷಗಟ್ಟಲೆ ತಯಾರಿಸಬೇಕಾದರೆ ಉಕ್ಕಿನ ಅಚ್ಚು ಬೇಕು. ಅಚ್ಚು ಕೊರೆಸಲು ಲಕ್ಷಾಂತರ ರೂಪಾಯಿ ಖರ್ಚು. ಕೊರೆಯುವ ಮೊದಲು ಒಂದು ತಿರುಪಿನ ತೂತನ್ನು ಸೇರಿಸುವುದು ಪರದೆಯ ಮೇಲೆ ಕೆಲವು ನಿಮಿಷದ ಕೆಲಸ. ಕೊರೆದ ಮೇಲೆ ಅದೇ ತೂತಿಗಾಗಿ ಇಡೀ ಅಚ್ಚನ್ನು ಬದಲಿಸಬೇಕಾಗಬಹುದು, ಹಾಗಾಗಿ ಯಾರೂ ಬದಲಿಸುವುದಿಲ್ಲ. ಚಿತ್ರದಲ್ಲಿ ಇಲ್ಲದ ತೂತು ಮುಂದಿನ ಹತ್ತು ಲಕ್ಷ ಪ್ರತಿಗಳಲ್ಲೂ ಇರುವುದಿಲ್ಲ.

ಈ ವೃತ್ತಿಯನ್ನು ಕಟಕಟೆಗೆ ತಂದು ನಿಲ್ಲಿಸಿದವನು ವಿಕ್ಟರ್ ಪಾಪನೆಕ್. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಈ ವಿನ್ಯಾಸಕನ ‘ಡಿಸೈನ್ ಫಾರ್ ದ ರಿಯಲ್ ವರ್ಲ್ಡ್’ 1970ರಲ್ಲಿ ಮೊದಲು ಸ್ವೀಡಿಷ್ ಭಾಷೆಯಲ್ಲಿ, ಮರುವರ್ಷ ಇಂಗ್ಲಿಷಿನಲ್ಲಿ ಬಂತು. ಲೋಕಕ್ಕೆ ಕೇಡು ಮಾಡುವ ವೃತ್ತಿಗಳ ಸಾಲಿನಲ್ಲಿ ಕೈಗಾರಿಕಾ ವಿನ್ಯಾಸವನ್ನು ಬಹಳ ಮೇಲೆ ಇಡಬೇಕು ಎಂದು ಶುರುವಿನಲ್ಲೇ ವಾದಿಸಿದ ಪುಸ್ತಕ ಅದು. ಸಹೋದ್ಯೋಗಿಗಳು ಸಿಟ್ಟಾದರು. ಆದರೆ ಅವನು ಬರೀ ಬೈದು ಕೂತವನಲ್ಲ. ತನ್ನ ವಿದ್ಯಾರ್ಥಿ ಜಾರ್ಜ್ ಸೀಗರ್ ಜೊತೆ ಸೇರಿ, ಎಸೆದ ತಗಡಿನ ಡಬ್ಬಿಯೊಳಗೆ ಮೇಣದ ಬತ್ತಿ ಉರಿಸಿ, ಆ ಶಾಖದಿಂದ ಹುಟ್ಟುವ ಚಿಟಿಕೆ ವಿದ್ಯುತ್ತಿನಲ್ಲಿ ನಡೆಯುವ ರೇಡಿಯೋ ಮಾಡಿದ. ಮೇಣ ಮುಗಿದರೆ ಬೆರಣಿಯೂ ನಡೆಯುತ್ತಿತ್ತು. ಕುರೂಪಿ ರೇಡಿಯೋ ಎಂದು ಜರ್ಮನಿಯ ಉಲ್ಮ್ ವಿನ್ಯಾಸ ಶಾಲೆಯವರು ಆಕ್ಷೇಪಿಸಿದಾಗ, ಅದನ್ನು ಸಿಂಗರಿಸುವ ಹಕ್ಕು ಬಳಸುವವರದು ಎಂಬುದು ಅವನ ನಿಲುವು. ಇಂಡೊನೇಷ್ಯಾದಲ್ಲಿ ಜನ ತಮ್ಮ ಡಬ್ಬಿಗಳಿಗೆ ಬಣ್ಣದ ಕಾಗದ, ಕಪ್ಪೆಚಿಪ್ಪು ಅಂಟಿಸಿಕೊಂಡರು. ನಮ್ಮಲ್ಲೂ ಇಂಥ ಯೋಚನೆಗೆ ನೆಲೆ ಇತ್ತು. 1979ರ ಜನವರಿಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ವಿಶ್ವಸಂಸ್ಥೆಯ ಕೈಗಾರಿಕಾ ಅಂಗಸಂಸ್ಥೆ ಸೇರಿ ನಡೆಸಿದ ಸಭೆಯಿಂದ ಹೊರಬಂದ ಅಹಮದಾಬಾದ್ ಘೋಷಣೆ ಸ್ಥಳೀಯ ಕೌಶಲ, ಸ್ಥಳೀಯ ಸಾಮಗ್ರಿಗಳ ಮೇಲೆ ವಿನ್ಯಾಸ ನಿಲ್ಲಬೇಕು ಎಂದು ಕೇಳಿತು.

ಪಾಪನೆಕ್‌ನ ಮಾತು ನೀತಿಯ ಮಾತು. ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಲೆಕ್ಕದ ಮಾತು ಶುರುವಾಗಿತ್ತು. 1969ರಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಪಾನೀಯಕ್ಕೆ ಯಾವ ಪಾತ್ರೆ ಒಳ್ಳೆಯದು ಎಂದು ತಿಳಿಯಲು ಅಮೆರಿಕದ ಮಿಡ್‌ವೆಸ್ಟ್ ಸಂಶೋಧನಾ ಸಂಸ್ಥೆಗೆ ಒಂದು ಅಧ್ಯಯನ ವಹಿಸಿತು. ಗಣಿಯಿಂದ ಕಸದ ಗುಂಡಿಯವರೆಗೆ ಪ್ರತಿ ಪಾತ್ರೆ ಎಷ್ಟು ಇಂಧನ, ಎಷ್ಟು ಕಚ್ಚಾವಸ್ತು ತಿನ್ನುತ್ತದೆ, ಎಷ್ಟು ಕೊಳೆ ಬಿಡುತ್ತದೆ ಎಂದು ಪಟ್ಟಿ ಹಾಕಿದರು. ಇಂದು ಜೀವನಚಕ್ರ ವಿಶ್ಲೇಷಣೆ ಎನ್ನುವ ಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಈ ಲೆಕ್ಕ ಕಲಿಸಿದ ದೊಡ್ಡ ಪಾಠವೆಂದರೆ, ಎಲ್ಲ ವಸ್ತುಗಳ ಪಾಪವೂ ಒಂದೇ ಜಾಗದಲ್ಲಿ ಇರುವುದಿಲ್ಲ.

ಸೀಲಿಂಗ್ ಫ್ಯಾನನ್ನು ನೋಡಿ. ನಮ್ಮ ಮನೆಗಳಲ್ಲಿ ದಶಕಗಳಿಂದ ತಿರುಗುತ್ತಿರುವ ಹಳೆಯ ಬಗೆಯ ಫ್ಯಾನ್ ಪೂರ್ತಿ ವೇಗದಲ್ಲಿ ಸುಮಾರು 75 ವಾಟ್ ಎಳೆಯುತ್ತದೆ. ಅದರ ಇಂಡಕ್ಷನ್ ಮೋಟರಿನಲ್ಲಿ ತಿರುಗುವ ಭಾಗಕ್ಕೆ ತನ್ನದೇ ಕಾಂತಶಕ್ತಿ ಇಲ್ಲ. ಸುತ್ತುವ ಕಾಂತಕ್ಷೇತ್ರದ ಹಿಂದೆ ತುಸು ತಡವಾಗಿ ಓಡುತ್ತಾ, ಆ ತಡದಿಂದಲೇ ತನ್ನೊಳಗೆ ವಿದ್ಯುತ್ತನ್ನು ಪ್ರೇರಿಸಿಕೊಳ್ಳುತ್ತದೆ. ಆ ವಿದ್ಯುತ್ತಿನ ಒಂದು ಪಾಲು ಗಾಳಿಯಾಗದೆ ಬಿಸಿಯಾಗಿ ಹೋಗುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಫ್ಯಾನಿನಲ್ಲಿ ತಿರುಗುವ ಭಾಗಕ್ಕೆ ಕಾಯಂ ಅಯಸ್ಕಾಂತ ಕೂರಿಸಿ, ಸುರುಳಿಗಳಿಗೆ ಸರಿಯಾದ ಕ್ಷಣಕ್ಕೆ ವಿದ್ಯುತ್ ಕೊಡುವ ಕೆಲಸವನ್ನು ಒಂದು ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಬಿಟ್ಟಿದ್ದಾರೆ. ಅಷ್ಟೇ ಗಾಳಿಗೆ 30 ವಾಟ್ ಸಾಕು. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗಿದರೆ ಒಂದು ಫ್ಯಾನಿನಿಂದ 162 ಯೂನಿಟ್ ಉಳಿತಾಯ. ಕಲ್ಲಿದ್ದಲಿನ ಮೇಲೆ ನಿಂತ ನಮ್ಮ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ವರ್ಷಕ್ಕೆ 110 ಕಿಲೋ ಮೀರುತ್ತದೆ. ಹತ್ತಾರು ವರ್ಷ ಬಾಳುವ ಫ್ಯಾನಿನಲ್ಲಿ ಲೋಹದ, ತಯಾರಿಕೆಯ ಪಾಪ ಈ ಮೊತ್ತದ ಮುಂದೆ ಚಿಕ್ಕದು. 2023ರ ಜನವರಿಯಿಂದ ನಮ್ಮಲ್ಲಿ ಸೀಲಿಂಗ್ ಫ್ಯಾನಿಗೂ ವಿದ್ಯುತ್ ಉಳಿತಾಯ ತೋರಿಸುವ ನಕ್ಷತ್ರದ ಲೇಬಲ್ ಕಡ್ಡಾಯವಾಯಿತು.

ಇಷ್ಟೇ ಆಗಿದ್ದರೆ ವಿನ್ಯಾಸಕರ ಕೆಲಸ ಸರಳವಾಗಿರುತ್ತಿತ್ತು. ಆದರೆ ಹಳೆಯ ಫ್ಯಾನ್ ಕೆಟ್ಟರೆ ಏನು ಮಾಡುತ್ತಿದ್ದೆವು? ವೇಗ ಕಡಿಮೆಯಾದರೆ ಕೆಪಾಸಿಟರ್ ಬದಲಿಸುವುದು. ಯಾವ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಅದು ಸಿಗುತ್ತದೆ, ಯಾವ ಕಂಪನಿಯ ಫ್ಯಾನಿಗೂ ಹೊಂದುತ್ತದೆ. ಸದ್ದು ಬಂದರೆ ಬೇರಿಂಗ್. ಸುಟ್ಟೇ ಹೋದರೆ ವೈಂಡಿಂಗ್ ಅಂಗಡಿ. ಅಲ್ಲಿ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುತ್ತಾರೆ, ಕಿತ್ತ ತಾಮ್ರ ಗುಜರಿಗೆ ಹೋಗುತ್ತದೆ. ಹೊಸ ಫ್ಯಾನಿನ ಬೋರ್ಡ್ ಮಾತ್ರ ಆಯಾ ಕಂಪನಿಯದ್ದೇ ಆಗಬೇಕು, ಕೆಲವೊಮ್ಮೆ ಆಯಾ ಮಾದರಿಯದ್ದೇ. ಸಿಡಿಲಿಗೋ ಏರಿಳಿಯುವ ವೋಲ್ಟೇಜಿಗೋ ಬೋರ್ಡ್ ಸತ್ತಾಗ ಬದಲಿ ಸಿಗದಿದ್ದರೆ, ಮಿಕ್ಕೆಲ್ಲ ಚೆನ್ನಾಗಿರುವ ಫ್ಯಾನ್ ಇಳಿಯಬೇಕಾಗುತ್ತದೆ. ಶಕ್ತಿ ಉಳಿಸುವ ಜವಾಬ್ದಾರಿಯೂ ರಿಪೇರಿಗೆ ಬರುವ ಜವಾಬ್ದಾರಿಯೂ ಇಲ್ಲಿ ಒಂದಕ್ಕೊಂದು ಎದುರಾಗಿ ನಿಂತಿವೆ. ಇದನ್ನು ಬಗೆಹರಿಸುವುದು ವಿಜ್ಞಾನದ ಕೈಯಲ್ಲಿಲ್ಲ, ವಿನ್ಯಾಸದ ಕೈಯಲ್ಲಿದೆ. ಬೋರ್ಡನ್ನು ಮೋಟರಿನ ಹೊಟ್ಟೆಯಲ್ಲಿ ಹೂಳದೆ ಮೇಲಿನ ಬಟ್ಟಲಿನಂಥ ಮುಚ್ಚಳದಲ್ಲಿ ಪ್ಲಗ್ ಮೂಲಕ ಕೂರಿಸಬಹುದು. ಮೋಟರಿಗೆ ಹೋಗುವ ತಂತಿಗಳ ಜೋಡಣೆಯನ್ನು ಎಲ್ಲ ಕಂಪನಿಗಳೂ ಒಂದೇ ಮಾಡಿಕೊಳ್ಳಬಹುದು. ಆಗ ಏಣಿ ಹತ್ತಿದ ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಇಳಿಯುತ್ತಾನೆ. ಹಾಗೆ ಮಾಡದಿರಲು ವ್ಯಾಪಾರದ ಕಾರಣಗಳಿರಬಹುದು, ತಾಂತ್ರಿಕ ಅಡ್ಡಿ ಇಲ್ಲ.

ಸ್ಮಾರ್ಟ್‌ಫೋನಿನ ಲೆಕ್ಕ ಫ್ಯಾನಿನದ್ದಕ್ಕೆ ತದ್ವಿರುದ್ಧ. ಆಪಲ್ ತನ್ನ ಫೋನುಗಳ ಬಗ್ಗೆ ಪ್ರಕಟಿಸುವ ಪರಿಸರ ವರದಿಗಳನ್ನು ನೋಡಿದರೆ, ಫೋನಿನ ಜೀವಮಾನದ ಇಂಗಾಲದಲ್ಲಿ ಐದರಲ್ಲಿ ನಾಲ್ಕು ಪಾಲು ತಯಾರಿಕೆಯಲ್ಲೇ ಮುಗಿದಿರುತ್ತದೆ. ನಾವು ಅದನ್ನು ಮೊದಲ ಬಾರಿ ಚಾರ್ಜಿಗೆ ಹಾಕುವ ಹೊತ್ತಿಗೆ ಹಾನಿಯ ಬಹುಪಾಲು ಆಗಿಹೋಗಿದೆ. ಹಾಗಾದರೆ ಉಳಿದಿರುವ ದಾರಿ ಒಂದೇ: ಫೋನು ಹೆಚ್ಚು ವರ್ಷ ಬಾಳಬೇಕು. ಅದನ್ನು ತಡೆಯುವ ಭಾಗಗಳಲ್ಲಿ ಮುಖ್ಯವಾದದ್ದು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಚಾರ್ಜಿಗೂ ಸ್ವಲ್ಪ ಸ್ವಲ್ಪ ಸವೆಯುವುದು ರಸಾಯನದ ಸ್ವಭಾವ. ಕೆಲವು ನೂರು ಸುತ್ತುಗಳಲ್ಲಿ ಅದರ ಶಕ್ತಿ ಐದನೇ ಒಂದು ಪಾಲು ಇಳಿಯುತ್ತದೆ. ಸವೆಯುವುದೆಂದು ಮೊದಲೇ ಗೊತ್ತಿರುವ ಭಾಗವನ್ನು ಗಾಜು ಮತ್ತು ಲೋಹದ ನಡುವೆ ಅಂಟು ಹಾಕಿ ಮುಚ್ಚುವುದು ನನ್ನ ಲೆಕ್ಕದಲ್ಲಿ ಈ ವೃತ್ತಿ ಮಾಡಿದ ದೊಡ್ಡ ತಪ್ಪುಗಳಲ್ಲಿ ಒಂದು.

ಅಂಟಿಗೂ ಕಾರಣಗಳಿವೆ. ತಿರುಪಿಗೆ ಕಂಬ ಬೇಕು, ಕಂಬಕ್ಕೆ ಜಾಗ ಬೇಕು. ಅಂಟಿಗೆ ಕೂದಲೆಳೆಯಷ್ಟು ಎಡೆ ಸಾಕು. ಅಂಟು ನೀರನ್ನು ತಡೆಯುತ್ತದೆ, ಬಿದ್ದಾಗಿನ ಪೆಟ್ಟನ್ನು ಇಡೀ ಮೈಗೆ ಹಂಚುತ್ತದೆ, ಜೋಡಣೆಯ ಸಾಲಿನಲ್ಲಿ ಸೆಕೆಂಡುಗಳನ್ನು ಉಳಿಸುತ್ತದೆ. ಹಾಗಾಗಿ ಅಂಟೇ ಬೇಡ ಎನ್ನುವುದು ಸುಲಭದ ಉತ್ತರ, ಪೂರ್ತಿ ಸರಿಯಾದ ಉತ್ತರವಲ್ಲ. ಬೇಕಾದದ್ದು ಬೇಕೆಂದಾಗ ಬಿಡುವ ಅಂಟು. 2024ರಲ್ಲಿ ಬಂದ ಐಫೋನ್ 16ರಲ್ಲಿ ಅಂಥದ್ದೊಂದು ಕಾಣಿಸಿಕೊಂಡಿತು: ಬ್ಯಾಟರಿಯ ಅಂಟಿಗೆ ಕಡಿಮೆ ವೋಲ್ಟೇಜಿನ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಾಯಿಸಿದರೆ ಅದು ಲೋಹದ ಮೇಲಿನ ಹಿಡಿತ ಬಿಡುತ್ತದೆ. 9 ವೋಲ್ಟಿನ ಸಾಮಾನ್ಯ ಬ್ಯಾಟರಿಯೇ ಇದಕ್ಕೆ ಸಾಕು. ಇದಕ್ಕೂ ಬಹಳ ಮೊದಲು, 2015ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಫೇರ್‌ಫೋನ್ ಎಂಬ ಚಿಕ್ಕ ಕಂಪನಿ ಬಳಸುವವರೇ ಪರದೆ, ಕ್ಯಾಮೆರಾ, ಬ್ಯಾಟರಿ ಬಿಚ್ಚಿ ಬದಲಿಸಬಹುದಾದ ಫೋನು ಮಾರಿತ್ತು. ಅದು ಪಕ್ಕದ ಫೋನುಗಳಿಗಿಂತ ದಪ್ಪಗಿತ್ತು. ಆ ದಪ್ಪ ನಾಚಿಕೆಯ ವಿಷಯವಲ್ಲ ಎಂದು ಹೇಳುವ ಧೈರ್ಯ ಅವರಿಗಿತ್ತು.

ಅಂಟಿಸಿದ ಬ್ಯಾಟರಿಯ ಇನ್ನೊಂದು ಅಪಾಯವನ್ನು ಸ್ಟುಡಿಯೋದಲ್ಲಿ ಕೂತವರು ಕಾಣುವುದೇ ಇಲ್ಲ. ಗುಜರಿಯಲ್ಲಿ ಫೋನ್ ಒಡೆಯುವವರು ಉಳಿ, ಸ್ಕ್ರೂಡ್ರೈವರ್ ಹಾಕಿ ಮೀಟುತ್ತಾರೆ. ಬ್ಯಾಟರಿಯ ಒಳಪದರ ಹರಿದು ಎರಡು ಧ್ರುವಗಳು ತಾಗಿದರೆ ಬೆಂಕಿ. ಸುಲಭವಾಗಿ ಜಾರಿ ಬರುವ ಬ್ಯಾಟರಿಯ ಮೊದಲ ಫಲಾನುಭವಿ ಫೋನಿನ ಮಾಲೀಕರಲ್ಲ, ಆ ಕೈಗಳು.

ಕೂಡುವ ಜಾಗದಲ್ಲಿ ಎಷ್ಟು ಸೂಕ್ಷ್ಮವಾದ ತೀರ್ಮಾನಗಳು ಅಡಗಿವೆ ಎನ್ನುವುದಕ್ಕೆ ಪ್ಲಾಸ್ಟಿಕ್ ಕ್ಲಿಪ್ ನೋಡಬೇಕು. ರಿಮೋಟಿನ ಬ್ಯಾಟರಿ ಮುಚ್ಚಳದಲ್ಲಿ, ಟಾರ್ಚಿನಲ್ಲಿ, ಗೋಡೆ ಗಡಿಯಾರದಲ್ಲಿ ಇರುವುದು ಇದೇ. ಬಾಗುವ ನಾಲಿಗೆಯ ತುದಿಯಲ್ಲಿ ಒಂದು ಕೊಕ್ಕೆ; ಒತ್ತಿದರೆ ಬಾಗಿ ಒಳಗೆ ಹೋಗಿ ಟಕ್ಕೆಂದು ನಿಲ್ಲುತ್ತದೆ. ಕೊಕ್ಕೆಯ ಹಿಂಬದಿ ನೆಟ್ಟಗೆ 90 ಡಿಗ್ರಿ ಇದ್ದರೆ ಎಷ್ಟು ಎಳೆದರೂ ಬಿಡುವುದಿಲ್ಲ, ಮುರಿಯುತ್ತದೆ. ಅದನ್ನೇ 45 ಡಿಗ್ರಿ ಓರೆ ಮಾಡಿದರೆ ಬಲವಾಗಿ ಎಳೆದಾಗ ಜಾರಿ ತೆರೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಅದೇ, ಬೆಲೆ ಅದೇ, ನೋಟವೂ ಅದೇ. ರಿಪೇರಿಯವನ ಕೈಯಲ್ಲಿ ಮುಚ್ಚಳ ಉಳಿಯುತ್ತದೆಯೋ ಮುರಿಯುತ್ತದೆಯೋ ಎನ್ನುವುದು ಆ ಓರೆಯಲ್ಲಿದೆ. ಕೆಲವು ಕಡೆ ಮಾತ್ರ ಆಯ್ಕೆ ನಿಜಕ್ಕೂ ಕಷ್ಟ. ಪ್ಲಾಸ್ಟಿಕ್ಕಿಗೇ ತಿರುಪು ಹಾಕಿದರೆ ನಾಲ್ಕಾರು ಸಲ ಬಿಚ್ಚುವುದರೊಳಗೆ ಮರೆ ಸವೆಯುತ್ತದೆ. ಒಳಗೆ ಹಿತ್ತಾಳೆಯ ನಟ್ ಕೂರಿಸಿದರೆ ವರ್ಷಗಟ್ಟಲೆ ಬಿಚ್ಚಬಹುದು, ಆದರೆ ಪ್ಲಾಸ್ಟಿಕ್ ಕರಗಿಸುವ ಮುನ್ನ ಆ ಹಿತ್ತಾಳೆಯನ್ನು ಬೇರ್ಪಡಿಸಬೇಕು. ರಿಪೇರಿಯೋ ಮರುಬಳಕೆಯೋ ಎಂದು ಆರಿಸಬೇಕಾದ ಇಂಥ ಜಾಗದಲ್ಲಿ ನಾನು ರಿಪೇರಿಯ ಪಕ್ಷ. ವಸ್ತು ವಸ್ತುವಾಗಿಯೇ ಉಳಿಯುವುದು ಕರಗಿ ಮತ್ತೆ ಹುಟ್ಟುವುದಕ್ಕಿಂತ ಸಾಮಾನ್ಯವಾಗಿ ಅಗ್ಗ.

ಕರಗಿಸುವಾಗ ಕೂಡಿಕೊಂಡದ್ದನ್ನು ಬಿಡಿಸುವುದು ಏಕೆ ಇಷ್ಟು ಕಷ್ಟ? ಲೋಹಗಳ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಹಳೆಯ ಕಾರುಗಳನ್ನು ಒಟ್ಟಿಗೆ ಪುಡಿ ಮಾಡಿದಾಗ ಉಕ್ಕಿನ ಜೊತೆ ವೈರಿಂಗಿನ ತಾಮ್ರ ಚೂರುಚೂರಾಗಿ ಸೇರಿಬಿಡುತ್ತದೆ. ಉಕ್ಕನ್ನು ಕರಗಿಸಿ ಆಮ್ಲಜನಕ ಊದಿದರೆ ಸಿಲಿಕಾನ್, ಮ್ಯಾಂಗನೀಸಿನಂಥ ಧಾತುಗಳು ಕಬ್ಬಿಣಕ್ಕಿಂತ ಮೊದಲೇ ಆಮ್ಲಜನಕದ ಜೊತೆ ಸೇರಿ ಕಿಟ್ಟವಾಗಿ ಮೇಲೇಳುತ್ತವೆ. ತಾಮ್ರಕ್ಕೆ ಆಮ್ಲಜನಕದ ಮೇಲೆ ಕಬ್ಬಿಣಕ್ಕಿರುವಷ್ಟು ಒಲವಿಲ್ಲ. ಹಾಗಾಗಿ ಅದು ಕಬ್ಬಿಣದೊಳಗೇ ಉಳಿಯುತ್ತದೆ, ಪ್ರತಿ ಸುತ್ತಿನಲ್ಲೂ ತುಸು ತುಸು ಹೆಚ್ಚುತ್ತದೆ. ಶೇ. 1ಕ್ಕಿಂತ ಬಹಳ ಕಡಿಮೆ ತಾಮ್ರ ಸೇರಿದರೂ ಕೆಂಪಗೆ ಕಾದ ಉಕ್ಕನ್ನು ತಗಡಾಗಿ ಉರುಳಿಸುವಾಗ ಮೇಲ್ಮೈ ಬಿರುಕು ಬಿಡುತ್ತದೆ. ಅಲ್ಯೂಮಿನಿಯಮ್ಮಿಗೆ ಸೇರಿದ ಕಬ್ಬಿಣದ ಪಾಡೂ ಇದೇ: ಅಲ್ಯೂಮಿನಿಯಮ್ಮೇ ಮೊದಲು ಉರಿಯುತ್ತದೆ, ಕಬ್ಬಿಣ ಉಳಿಯುತ್ತದೆ. ಕಾರಿನ ವೈರಿಂಗನ್ನು ಒಂದೇ ಸೆಳೆತಕ್ಕೆ ಹೊರಬರುವಂತೆ ಜೋಡಿಸಿದ್ದರೆ ಪರಿಹಾರ ಕುಲುಮೆಗೆ ಹೋಗುವ ಮೊದಲೇ ಸಿಗುತ್ತಿತ್ತು.

ನಮ್ಮ ಅಡುಗೆಮನೆಯ ಕುಕ್ಕರಿನಲ್ಲಿ ಈ ಪಾಠದ ಎರಡೂ ಮುಖಗಳಿವೆ. ಹಳೆಯ ಅಲ್ಯೂಮಿನಿಯಂ ಕುಕ್ಕರ್ ಸಂತೆಯಲ್ಲೂ ರಿಪೇರಿಯಾಗುವ ವಸ್ತು. ಗ್ಯಾಸ್ಕೆಟ್, ವಿಷಲ್, ಸೇಫ್ಟಿ ವಾಲ್ವ್, ಹಿಡಿ, ಹಿಡಿಯ ಸ್ಕ್ರೂ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಪೂರ್ತಿ ಸವೆದಾಗ ಹಿಡಿ ಬಿಚ್ಚಿ ಗುಜರಿಗೆ ಹಾಕಿದರೆ ಉಳಿಯುವುದು ಒಂದೇ ಲೋಹ. ಅದನ್ನು ಕರಗಿಸಲು ಅದಿರಿನಿಂದ ತೆಗೆಯುವ ಶಕ್ತಿಯ ಸುಮಾರು ಇಪ್ಪತ್ತನೇ ಒಂದು ಪಾಲು ಸಾಕು. ಇಂಡಕ್ಷನ್ ಒಲೆ ಬಂದ ಮೇಲೆ ಅದೇ ಕುಕ್ಕರಿನ ತಳಕ್ಕೆ ಕಬ್ಬಿಣಾಂಶದ ತಟ್ಟೆಯೊಂದನ್ನು ಒತ್ತಿ ಕೂರಿಸಬೇಕಾಯಿತು, ಏಕೆಂದರೆ ಒಲೆಯ ಕಾಂತಕ್ಷೇತ್ರಕ್ಕೆ ಅಲ್ಯೂಮಿನಿಯಂ ಸರಿಯಾಗಿ ಬಿಸಿಯಾಗುವುದಿಲ್ಲ. ಒಲೆಯ ಗ್ಯಾಸ್ ಉಳಿಯಿತು. ಎರಡು ಲೋಹ ಬಿಡಿಸಲಾಗದಂತೆ ಕೂಡಿದವು.

ಮಿಕ್ಸಿಯ ಚರಿತ್ರೆ ಇನ್ನಷ್ಟು ಸ್ವಾರಸ್ಯದ್ದು. 1960ರ ದಶಕದ ಶುರುವಿನಲ್ಲಿ ಮುಂಬಯಿಯ ಇಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯ ಜರ್ಮನ್ ಮಿಕ್ಸರ್ ನಮ್ಮ ಅಡುಗೆಯ ರುಬ್ಬುವಿಕೆ ತಾಳದೆ ಕೆಟ್ಟಿತು. ಹಣ್ಣು ತರಕಾರಿಗಾಗಿ ಮಾಡಿದ ಮೋಟರಿಗೆ ಉದ್ದಿನ ಹಿಟ್ಟು, ತೆಂಗಿನಕಾಯಿ, ಒಣಮೆಣಸು ಹೊಸದು. ಪತ್ನಿ ಮಾಧುರಿ ಅವರ ಒತ್ತಾಯದಿಂದ ಅವರು ರೂಪಿಸಿದ್ದೇ ಸುಮೀತ್. ನಮ್ಮ ಮಿಕ್ಸಿಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದ ಭಾಗ ಜಾರಿನ ತಳದಲ್ಲಿ ಕೂರುವ ಕಪ್ಲರ್. ಜಾರು ಸಿಕ್ಕಿಹಾಕಿಕೊಂಡಾಗ ಮೊದಲು ಸವೆಯುವುದು, ಮುರಿಯುವುದು ಅದು. ಅದರಿಂದ ಮೋಟರು ಉಳಿಯುತ್ತದೆ. ಸಾವಿರಾರು ರೂಪಾಯಿಯ ಯಂತ್ರದ ಪರವಾಗಿ ಸಾಯಲೆಂದೇ ಇಟ್ಟ ಕೆಲವೇ ರೂಪಾಯಿಯ ಭಾಗ, ತಿರುಗಿಸಿದರೆ ಬಿಚ್ಚಿಕೊಳ್ಳುವಂಥದ್ದು. ಏನು ಮೊದಲು ಕೆಡಬೇಕು ಎಂದು ಮುಂಚೆಯೇ ಯೋಚಿಸಿ, ಅದನ್ನು ಬಿಚ್ಚುವ ಜಾಗದಲ್ಲಿ ಇಡುವ ಈ ವಿವೇಕವನ್ನು ವಿನ್ಯಾಸ ಶಾಲೆಗಳ ಮೊದಲ ವರ್ಷದಲ್ಲೇ ಕಲಿಸಬೇಕು.

ಬಿಡಿಸಲಾಗದ ಜೋಡಣೆಯ ಅತಿ ಚಿಕ್ಕ ರೂಪ ಶಾಂಪೂ ಸ್ಯಾಶೆ. ತಮಿಳುನಾಡಿನಲ್ಲಿ 1970–80ರ ದಶಕಗಳಲ್ಲಿ ಬೆಳೆದ ಈ ಕಲ್ಪನೆ ಒಂದು ನಿಜವಾದ ಅಗತ್ಯಕ್ಕೆ ಉತ್ತರವಾಗಿತ್ತು: ಬಾಟಲಿ ಕೊಳ್ಳಲಾರದ ಕೂಲಿಯವರ ಮನೆಗೂ ಶಾಂಪೂ ಒಂದೆರಡು ರೂಪಾಯಿಗೆ ತಲುಪಿತು. ಅದರ ಮೈಯಲ್ಲಿ ಹೊರಗೆ ಬಣ್ಣ ಹಿಡಿಯಲು ಪೆಟ್, ನಡುವೆ ಬೆಳಕು ಗಾಳಿ ತಡೆಯಲು ಅಲ್ಯೂಮಿನಿಯಮ್ಮಿನ ಹಾಳೆ ಅಥವಾ ಲೇಪ, ಒಳಗೆ ಬಿಸಿಗೆ ಅಂಟಿಕೊಳ್ಳಲು ಪಾಲಿಎಥಿಲೀನ್. ಎಲ್ಲ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತೆಳು. ಒಂದೊಂದು ಪದರಕ್ಕೂ ಸರಿಯಾದ ಕಾರಣವಿದೆ, ಒಟ್ಟು ಸೇರಿದಾಗ ಮಾತ್ರ ದಾರಿ ಮುಚ್ಚುತ್ತದೆ. ಪೆಟ್ ಮತ್ತು ಪಾಲಿಎಥಿಲೀನ್ ಕರಗಿದರೂ ಬೆರೆಯುವುದಿಲ್ಲ; ಎಣ್ಣೆ ನೀರಿನಂತೆ ಹನಿ ಹನಿಯಾಗಿ ಬೇರೆಯೇ ಉಳಿದು, ಆರಿದ ಮೇಲೆ ಆ ಗಡಿಗಳಲ್ಲೇ ಸೀಳುತ್ತವೆ. ಆಯುವವರು ಅದನ್ನು ಮುಟ್ಟುವುದಿಲ್ಲ, ಏಕೆಂದರೆ ಒಂದು ಕಿಲೋ ಆಗಬೇಕಾದರೆ ಸಾವಿರಗಟ್ಟಲೆ ಆಯಬೇಕು, ಆಯ್ದರೂ ಕೊಳ್ಳುವವರಿಲ್ಲ. ಒಣಕಸದ ಕೇಂದ್ರ ಸೇರಿದ್ದು ಕೂಡ ಬಹುತೇಕ ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಉರುವಲಾಗುತ್ತದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಮರುಬಳಕೆಯಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕೆಂದವು. 2018ರ ತಿದ್ದುಪಡಿ ಆ ಮಾತನ್ನು ಸಡಿಲಿಸಿ, ಸುಟ್ಟು ಶಕ್ತಿ ಪಡೆಯಲು ಬಂದರೂ ಸಾಕು ಎಂದಿತು. ಏನನ್ನು ಬೇಕಾದರೂ ಸುಡಬಹುದು. ಆ ತಿದ್ದುಪಡಿಯಿಂದ, ಎಲ್ಲ ಪದರಗಳನ್ನೂ ಪಾಲಿಎಥಿಲೀನಿನ ಬೇರೆ ಬೇರೆ ರೂಪಗಳಲ್ಲೇ ಮಾಡುವ ಪ್ರಯತ್ನಕ್ಕೆ ಇರಬೇಕಾಗಿದ್ದ ಒತ್ತಡ ನಮ್ಮ ದೇಶದಲ್ಲಿ ತಪ್ಪಿಹೋಯಿತು ಎಂಬುದು ನನ್ನ ನೋವು.

ಕಂಪನಿಯೊಳಗಿನಿಂದ ವಿನ್ಯಾಸಕರು ಏನೂ ಮಾಡಲಾರರು, ಮಾಲೀಕರು ಹೇಳಿದ್ದನ್ನು ಬರೆಯುವುದಷ್ಟೇ ಅವರ ಕೆಲಸ ಎನ್ನುವವರಿದ್ದಾರೆ. ಅಮೆರಿಕದ ಪೀಠೋಪಕರಣ ಕಂಪನಿ ಹರ್ಮನ್ ಮಿಲ್ಲರ್‌ನ ಉದಾಹರಣೆ ಬೇರೆ ಹೇಳುತ್ತದೆ. ಚಾರ್ಲ್ಸ್ ಮತ್ತು ರೇ ಈಮ್ಸ್ ರೂಪಿಸಿದ ಅದರ ಪ್ರಸಿದ್ಧ ಆರಾಮ ಕುರ್ಚಿಯ ಹೊರಮೈ ಬ್ರೆಜಿಲ್ಲಿನ ಬೀಟೆಮರದ್ದಾಗಿತ್ತು. ಕಾಡಿನಿಂದ ಆ ಮರ ಕರಗುತ್ತಿರುವುದನ್ನು ಕಂಪನಿಯ ಸಂಶೋಧನಾ ವಿಭಾಗದವರೇ ಎತ್ತಿ ಹೇಳಿ, 1990ರ ಹೊತ್ತಿಗೆ ಆ ಮರ ಕೊಳ್ಳುವುದನ್ನು ನಿಲ್ಲಿಸುವಂತೆ ಮಾಡಿದರು. ಅಂತರರಾಷ್ಟ್ರೀಯ ಒಪ್ಪಂದ ಆ ಮರದ ವ್ಯಾಪಾರವನ್ನು ನಿಷೇಧಿಸಿದ್ದು ಅದಾದ ಮೇಲೆ, 1992ರಲ್ಲಿ. ಅದೇ ಕಂಪನಿಗಾಗಿ ಬರ್ಲಿನ್ನಿನ ಸ್ಟುಡಿಯೋ 7.5 ರೂಪಿಸಿ 2003ರಲ್ಲಿ ಹೊರಬಂದ ಮಿರ್ರಾ ಕುರ್ಚಿಯಲ್ಲಿ ತೋಳಿನ ಮೆತ್ತೆಗೆ ಅಗ್ಗದ ಪಿವಿಸಿ ಬಿಟ್ಟು ದುಬಾರಿಯ ಬೇರೆ ಪ್ಲಾಸ್ಟಿಕ್ ಹಾಕಿದರು. ಸಾಮಾನ್ಯ ಉಪಕರಣಗಳಿಂದಲೇ ಬೇಗ ಬಿಚ್ಚಲು ಬರುವಂತೆ ಇಡೀ ಕುರ್ಚಿಯನ್ನು ಜೋಡಿಸಿದರು. ಪ್ರತಿ ಭಾಗದ ರಸಾಯನವನ್ನೂ ಪರೀಕ್ಷಿಸುವ ತಂಡವೊಂದು ವಿನ್ಯಾಸಕರ ಪಕ್ಕದಲ್ಲೇ ಕೂತಿತ್ತು.

ಬಿಚ್ಚಲು ಬಾರದ್ದರ ಬೆಲೆ ಎಷ್ಟೆಂದು ಲೋಕಮಟ್ಟದಲ್ಲಿ ನೋಡಿದರೆ ಗಾಬರಿಯಾಗುತ್ತದೆ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಇ-ತ್ಯಾಜ್ಯ ವರದಿಯಂತೆ, 2022ರಲ್ಲಿ ಜಗತ್ತು ಬಿಸಾಡಿದ ವಿದ್ಯುನ್ಮಾನ ಸಾಮಾನು 6.2 ಕೋಟಿ ಟನ್. ಸರಿಯಾಗಿ ಸಂಗ್ರಹಿಸಿ ಮರುಬಳಸಿದ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಡಿದ ಅದಿರಿನಲ್ಲಿ ಕೊನೆಗಾಲಕ್ಕೆ ಟನ್ನಿಗೆ ಕೆಲವೇ ಗ್ರಾಂ ಚಿನ್ನವಿತ್ತು. ಬ್ಯಾಟರಿ ತೆಗೆದ ಮೊಬೈಲುಗಳ ಒಂದು ಟನ್ ರಾಶಿಯಲ್ಲಿ ನೂರಾರು ಗ್ರಾಂ ಇರುತ್ತದೆ. ದಾಬಸ್‌ಪೇಟೆಯ ಇ-ಪರಿಸರದಂಥ ಘಟಕಗಳು ಈ ಶತಮಾನದ ಮೊದಲ ದಶಕದಿಂದಲೇ ಇಂಥ ರಾಶಿಗಳನ್ನು ಬಿಚ್ಚುತ್ತ ಬಂದಿವೆ. ಅಲ್ಲಿ ಖರ್ಚಿನ ದೊಡ್ಡ ಬಾಬ್ತು ಬಿಚ್ಚುವ ಕೈಗಳ ಹೊತ್ತು. ಒಂದು ಅಂಟು ಕಡಿಮೆಯಾದರೆ ಆ ಹೊತ್ತು ಕಡಿಮೆಯಾಗುತ್ತದೆ, ಅಷ್ಟರಮಟ್ಟಿಗೆ ಆಮ್ಲದ ಬಕೆಟ್ಟಿನಲ್ಲಿ ಬೋರ್ಡ್ ಅದ್ದುವ ಹಿತ್ತಲಿನ ದಂಧೆಗೆ ಪೈಪೋಟಿ ಕೊಡಲು ಅವರಿಗೆ ಬಲ ಬರುತ್ತದೆ.

ಈಚೆಗೆ ಕಾನೂನು ನೇರವಾಗಿ ವಿನ್ಯಾಸಕರ ಮೇಜಿಗೇ ಬಂದಿದೆ. ಫ್ರಾನ್ಸ್ 2021ರಲ್ಲಿ ಫೋನು, ಲ್ಯಾಪ್‌ಟಾಪ್, ವಾಷಿಂಗ್ ಮಷೀನುಗಳ ಬೆಲೆಯ ಪಕ್ಕದಲ್ಲೇ ಹತ್ತಕ್ಕೆ ಇಷ್ಟು ಎಂದು ರಿಪೇರಿಯ ಅಂಕ ಬರೆಸತೊಡಗಿತು; ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಅದರ ಬೆಲೆ ಎಷ್ಟು ಎಂಬುದೆಲ್ಲ ಅದರಲ್ಲಿ ಸೇರಿತ್ತು. 2025ರ ಜೂನ್ 20ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಹೊಸ ಮಾದರಿಯ ಸ್ಮಾರ್ಟ್‌ಫೋನಿನ ಬ್ಯಾಟರಿ 800 ಸುತ್ತುಗಳ ನಂತರವೂ ಶೇ. 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗುವಂತಿರಬೇಕು. 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೈಯಲ್ಲಿ ಹಿಡಿಯುವ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬಿಚ್ಚಿ ಬದಲಿಸಲು ಬರಬೇಕು. ಭಾರತದಲ್ಲಿ 2025ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯ ಸಮಿತಿ ಮೊಬೈಲು ಮತ್ತು ವಿದ್ಯುನ್ಮಾನ ಸಾಮಾನುಗಳಿಗೆ ಫ್ರಾನ್ಸಿನದರಂಥದ್ದೇ ರಿಪೇರಿ ಸೂಚ್ಯಂಕ ಬೇಕೆಂದು ಶಿಫಾರಸು ಮಾಡಿತು.

ಇಂಜಿನಿಯರಿಂಗ್ ಚಿತ್ರದ ಮೂಲೆಯಲ್ಲಿ ಒಂದು ಚೌಕಟ್ಟು ಇರುತ್ತದೆ. ಸಾಮಗ್ರಿ ಯಾವುದು, ಮೇಲ್ಮೈ ಹೇಗಿರಬೇಕು, ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಅಲ್ಲಿ ಬರೆಯುತ್ತಾರೆ. ಯಾವ ಉಪಕರಣದಿಂದ, ಎಷ್ಟು ನಿಮಿಷದಲ್ಲಿ ಬಿಚ್ಚಬಹುದು ಎಂದು ಬರೆಯಲು ಅಲ್ಲಿ ಇನ್ನೊಂದು ಸಾಲು ಬೇಕು. ಆ ಸಾಲನ್ನು ತುಂಬುವ ಮೊದಲು ಮಾದರಿಯನ್ನು ಬೆಂಗಳೂರಿನ ಎಸ್‌ಪಿ ರಸ್ತೆಯ ರಿಪೇರಿಯವರ ಮುಂದಿಟ್ಟು, ಏನೂ ಹೇಳದೆ, ಅವರು ಬಿಚ್ಚುವುದನ್ನು ನೋಡಬೇಕು. ಎಲ್ಲಿ ಉಗುರು ಹಾಕುತ್ತಾರೆ, ಎಲ್ಲಿ ಮೀಟುತ್ತಾರೆ, ಎಲ್ಲಿ ಮುರಿಯುತ್ತದೆ ಎಂಬುದು ಅಚ್ಚು ಕೊರೆಯುವ ಮೊದಲು ಗೊತ್ತಾದರೆ ತಿದ್ದಲು ಖರ್ಚೇ ಇಲ್ಲ. ಯುರೋಪಿನಲ್ಲಿ ಮಾರುವ ಸಾಮಾನುಗಳ ಚಿತ್ರಗಳನ್ನು ಬೆಂಗಳೂರಿನ ವಿನ್ಯಾಸ ಕೇಂದ್ರಗಳಲ್ಲಿ ಕೂತು ಬರೆಯುವವರು ಬಹಳ ಜನ ಇದ್ದಾರೆ. 2027ರ ಗಡುವಿಗೆ ಬ್ಯಾಟರಿ ಬಿಚ್ಚಲು ಬರುವ ಚಿತ್ರವನ್ನು ಅವರು ಹೇಗೂ ಬರೆಯಲೇಬೇಕು. ತುಮಕೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾರುವ ಅದೇ ಸಾಮಾನಿಗೆ ಬೇರೆ ಚಿತ್ರ ಬರೆಯಲು ಒಂದೇ ಒಂದು ತಾಂತ್ರಿಕ ಕಾರಣವೂ ನನಗೆ ಕಾಣುವುದಿಲ್ಲ.